ಘೋರ್ಪಡೆ ಅಂದ್ರೆ ಉಡ

ಹೊಸಪೇಟೆ, ಸಂಡೂರು ಕಡೆಯವರಿಗೆ ಘೋರ್ಪಡೆ ಅನ್ನೋ ಹೆಸರು ಹೊಸದಲ್ಲ. ಸಂಡೂರಿನ ಅರಮನೆ, ಅಲ್ಲಿನ ರಾಜಕೀಯ, ಗಣಿ, ಯಾವ ಸುದ್ದಿ ತೆಗೆದರೂ ಎರಡನೇ ಮಾತಿಗೆ ಆ ಹೆಸರು ಬಂದೇ ಬರುತ್ತೆ. ಆದರೆ ಸಂಡೂರಿನ ಬಜಾರಿನಲ್ಲಿ ನಿಂತು ಹತ್ತು ಜನರ ಹೆಸರು ಕೇಳಿ ನೋಡಿ, ಒಬ್ಬರೂ ಘೋರ್ಪಡೆ ಸಿಗಲಿಕ್ಕಿಲ್ಲ. ಊರೆಲ್ಲ ಗೊತ್ತಿರುವ ಹೆಸರು, ಊರಲ್ಲಿ ಇರೋದು ಮಾತ್ರ ಒಂದೇ ಮನೆತನಕ್ಕೆ! ಅದ್ಯಾಕೆ ಹೀಗೆ, ಈ ಹೆಸರು ಎಲ್ಲಿಂದ ಬಂತು, ಬೇರೆ ಎಲ್ಲೆಲ್ಲಿ ಇದೆ ಅಂತ ಬಹಳ ದಿನದಿಂದ ತಲೆಯಲ್ಲಿ ಹುಳ ಕೊರೀತಾ ಇತ್ತು. ಓದಿ, ಕೇಳಿ ತಿಳಿದುಕೊಂಡಿದ್ದನ್ನ ಇಲ್ಲಿ ಹಾಕ್ತಾ ಇದ್ದೀನಿ.

ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಒಂದು ಸಂಘವೇ ಇದೆ ಗೊತ್ತಾ? 'ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್' ಅಂತ, 1979ರಲ್ಲಿ ಶುರುವಾಗಿದ್ದು. ಅದರ ಸದಸ್ಯರು ಯಾವುದೋ ಒಂದು ಅಪರೂಪದ ಅಡ್ಡಹೆಸರು ಹಿಡಿದುಕೊಂಡು, ಅದು ಯಾವ ಹಳ್ಳಿಯಲ್ಲಿ ಹುಟ್ಟಿತು, ಎಲ್ಲೆಲ್ಲಿಗೆ ಹರಡಿತು ಅಂತ ವರ್ಷಗಟ್ಟಲೆ ಹುಡುಕ್ತಾರೆ. 1881ರ ಜನಗಣತಿಯಲ್ಲಿ ಪ್ರತಿಯೊಬ್ಬರ ಹೆಸರೂ ಸಿಗೋದರಿಂದ ಅವರು ಒಂದೊಂದು ಅಡ್ಡಹೆಸರಿಗೂ ನಕ್ಷೆ ಬರೀಬಹುದು. ನಮ್ಮಲ್ಲಿ ಅದು ಕಷ್ಟ. ನಮ್ಮಲ್ಲಿ ಅರ್ಧ ಜನಕ್ಕೆ ಅಡ್ಡಹೆಸರೇ ಇಲ್ಲವಲ್ಲ!

ಮೊದಲು ಅರ್ಥ ನೋಡೋಣ. ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. ನಮ್ಮ ಹಂಪಿಯ ಬಂಡೆಗಳ ಸಂದಿಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿರುತ್ತದಲ್ಲ, ಅದೇ. ತಮಿಳಿನಲ್ಲಿ ಉಡುಂಬು, ತೆಲುಗಿನಲ್ಲಿ ಉಡುಮು. ಹಿಡಿದ ಹಠ ಬಿಡದವರನ್ನ ಕಂಡರೆ ನಾವು 'ಉಡದ ಪಟ್ಟು' ಅಂತೀವಿ.

ಹೆಸರಿನ ಹಿಂದೆ ಒಂದು ಕಥೆ ಇದೆ. ಇದು ಮುಧೋಳದ ಘೋರ್ಪಡೆ ಮನೆತನ ಹೇಳಿಕೊಂಡು ಬಂದ ಕಥೆ. ಬಹಮನಿ ಸುಲ್ತಾನರ ಕಾಲ, 1471ರ ಸುಮಾರು. ಮಹಮೂದ್ ಗವಾನ್ ಖೇಳಣಾ ಕೋಟೆಗೆ (ಈಗಿನ ವಿಶಾಳಗಡ) ಮುತ್ತಿಗೆ ಹಾಕಿದ್ದ. ಗೋಡೆ ಹತ್ತೋದು ಆಗಲೇ ಇಲ್ಲ. ಆಗ ಭೋಸಲೆ ವಂಶದ ಕರ್ಣಸಿಂಹ ಅನ್ನುವವನು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಕ್ಕೆ ಬಿಟ್ಟ, ಅದು ಗೋಡೆ ಕಚ್ಚಿ ಹಿಡಿದಾಗ ಹಗ್ಗ ಹಿಡಿದು ಹತ್ತಿದ. ಕೋಟೆ ಬಿತ್ತು, ಕರ್ಣಸಿಂಹನೂ ಸತ್ತ. ಅವನ ಮಗ ಭೀಮಸಿಂಹನಿಗೆ ಸುಲ್ತಾನ 'ರಾಜಾ ಘೋರ್ಪಡೆ ಬಹಾದ್ದೂರ್' ಅಂತ ಬಿರುದು ಕೊಟ್ಟ. ಅಲ್ಲಿಂದ ಭೋಸಲೆಗಳ ಒಂದು ಕವಲು ಘೋರ್ಪಡೆ ಆಯಿತು. ಅಂದರೆ ಶಿವಾಜಿಯ ವಂಶ, ಘೋರ್ಪಡೆ ವಂಶ ಎರಡೂ ಒಂದೇ ಬುಡದವು ಅನ್ನೋದು ಕಥೆಯ ಸಾರಾಂಶ.

ಚೆನ್ನಾಗಿದೆ ಅಲ್ವಾ? ಆದರೆ ಇದೇ ಕಥೆಯನ್ನ ನೀವು ಇನ್ನೊಂದು ಕಡೆ ಕೇಳಿರ್ತೀರಿ. 1670ರಲ್ಲಿ ತಾನಾಜಿ ಮಾಲುಸರೆ ಕೊಂಡಾಣಾ ಕೋಟೆ (ಸಿಂಹಗಡ) ಹತ್ತಿದ್ದೂ ಉಡದ ಸಹಾಯದಿಂದಲೇ ಅಂತಾರೆ. ಆ ಉಡಕ್ಕೆ ಯಶವಂತಿ ಅಂತ ಹೆಸರು ಬೇರೆ. ಎರಡು ಕೋಟೆ, ಇನ್ನೂರು ವರ್ಷದ ಅಂತರ, ಉಡದ ಕೆಲಸ ಮಾತ್ರ ಒಂದೇ! ಐದಾರು ಕಿಲೋ ತೂಗುವ ಪ್ರಾಣಿ ಕತ್ತಿ ಗುರಾಣಿ ಹಿಡಿದ ಆಳನ್ನ ಹೊರುತ್ತೆ ಅನ್ನೋದು ನನಗಂತೂ ನಂಬೋಕೆ ಆಗಲ್ಲ. ಆದರೆ ಒಂದು ಮಾತು ಖಂಡಿತ. ತಾನಾಜಿಗಿಂತ ಮೊದಲೇ ಘೋರ್ಪಡೆ ಅನ್ನೋ ಹೆಸರು ಇತ್ತು. ಆದ್ದರಿಂದ ಹೆಸರು ಸಿಂಹಗಡದ ಕಥೆಯಿಂದ ಹುಟ್ಟಿದ್ದಲ್ಲ.

ನನಗನ್ನಿಸೋದು ಬೇರೆ. ಮರಾಠಿಯಲ್ಲಿ ವಾಘ (ಹುಲಿ), ಲಾಂಡಗೆ (ತೋಳ), ಕೋಲ್ಹೆ (ನರಿ) ಅಂತೆಲ್ಲ ಅಡ್ಡಹೆಸರು ಇವೆ. ಇಂಗ್ಲಿಷಿನಲ್ಲೂ ಫಾಕ್ಸ್, ವುಲ್ಫ್ ಇಲ್ವೇ? ನಮ್ಮಲ್ಲಿ ಬೆಡಗುಗಳಿಗೆ ಪ್ರಾಣಿ, ಮರ, ವಸ್ತುಗಳ ಹೆಸರಿರುತ್ತೆ. ಉಡವೂ ಅಂಥದ್ದೇ ಒಂದು ಕುಲದ ಗುರುತು ಇದ್ದಿರಬಹುದು. ಮನೆತನ ದೊಡ್ಡದಾದ ಮೇಲೆ ಹೆಸರಿಗೆ ತಕ್ಕ ಶೌರ್ಯದ ಕಥೆ ಬೇಕಲ್ಲ, ಅದು ಆಮೇಲೆ ಬಂದು ಸೇರಿಕೊಂಡಿರಬಹುದು. ಇದು ನನ್ನ ಊಹೆ, ಅಷ್ಟೇ.

ಈಗ ಹರಡಿದ್ದು ಹೇಗೆ ಅಂತ ನೋಡೋಣ. ನಕ್ಷೆ ಮುಂದಿಟ್ಟುಕೊಂಡರೆ ಈ ಹೆಸರು ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ನಡೆದುಕೊಂಡು ಬಂದ ಹಾಗಿದೆ.

ಮುಧೋಳದವರು ಬಿಜಾಪುರದ ಆದಿಲಶಾಹಿ ಪಕ್ಷ. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನ ಸೆರೆ ಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. ಆ ಸಿಟ್ಟನ್ನ ಶಿವಾಜಿ ಮರೆಯಲಿಲ್ಲ, 1664ರಲ್ಲಿ ಬಾಜಿಯನ್ನ ಕೊಂದ. ಒಂದೇ ಬುಡ ಅಂತ ಹೇಳಿಕೊಂಡವರ ಕಥೆ ಇದು! ಇನ್ನೊಂದು ಕವಲಿನವರು ಮರಾಠರ ಕಡೆಯೇ ನಿಂತರು. ಮ್ಹಾಳೋಜಿ ಘೋರ್ಪಡೆ 1689ರಲ್ಲಿ ಸಂಭಾಜಿ ಸಿಕ್ಕಿಬಿದ್ದ ಸಂಗಮೇಶ್ವರದಲ್ಲಿ ಹೋರಾಡಿ ಸತ್ತ. ಅವನ ಮೂರು ಮಕ್ಕಳು ಸಂತಾಜಿ, ಬಹಿರ್ಜಿ, ಮಾಲೋಜಿ. ಸಂತಾಜಿ ಮರಾಠರ ಸೇನಾಪತಿಯಾಗಿ ಔರಂಗಜೇಬನ ನಿದ್ದೆ ಕೆಡಿಸಿದವನು. 1695ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ದೊಡ್ಡೇರಿಯಲ್ಲಿ ಮೊಗಲ್ ಸರದಾರ ಕಾಸಿಂ ಖಾನನ ದಂಡನ್ನ ಮುತ್ತಿ, ಅನ್ನ ನೀರಿಲ್ಲದೆ ಶರಣಾಗೋ ಹಾಗೆ ಮಾಡಿದ್ದು ಇವನೇ. ಚಳ್ಳಕೆರೆ ಕಡೆ ಹೋಗೋರು ಗಮನಿಸಿ.

ಈ ಅಣ್ಣತಮ್ಮಂದಿರಿಗೆ ರಾಜಾರಾಮ ಬೇರೆ ಬೇರೆ ಬಿರುದು ಕೊಟ್ಟ. ಸಂತಾಜಿಗೆ 'ಮಮ್ಲಕತ್ ಮದಾರ್', ಬಹಿರ್ಜಿಗೆ 'ಹಿಂದೂರಾವ್', ಮಾಲೋಜಿಗೆ 'ಅಮೀರ್ ಉಲ್ ಉಮ್ರಾವ್'. ಬಹಿರ್ಜಿಯ ಕವಲೇ ಗಜೇಂದ್ರಗಡಕ್ಕೆ, ಗುತ್ತಿಗೆ, ಸಂಡೂರಿಗೆ ಬಂದದ್ದು. ಸಂಡೂರಿನ ರಾಜರ ಉದ್ದದ ಹೆಸರಿನಲ್ಲಿ 'ಹಿಂದೂರಾವ್ ಘೋರ್ಪಡೆ' ಅಂತ ಬರೋದು ಅದಕ್ಕೆ. 1728ರಲ್ಲಿ ಸಿದ್ದೋಜಿರಾವ್ ಸಂಡೂರನ್ನ ವಶ ಮಾಡಿಕೊಂಡ. ಅವನ ಮಗ ಗುತ್ತಿಯ ಮುರಾರಿರಾವ್ ಇಡೀ ದಕ್ಷಿಣದಲ್ಲೇ ಹೆಸರಾದ. 1776ರಲ್ಲಿ ಹೈದರಾಲಿ ಗುತ್ತಿಯನ್ನ ಗೆದ್ದು ಮುರಾರಿರಾಯನನ್ನ ಕಬ್ಬಾಳದುರ್ಗದಲ್ಲಿ ಸೆರೆ ಇಟ್ಟ, ಅಲ್ಲೇ ಸತ್ತ. ಸಂಡೂರೂ ಹೈದರನ ಕೈಗೆ ಹೋಗಿ, ಆಮೇಲೆ ಮತ್ತೆ ಮನೆತನಕ್ಕೆ ಬಂತು. 1796ರಲ್ಲಿ ಗಂಡು ಸಂತಾನ ಇಲ್ಲದೆ ವಂಶ ನಿಲ್ಲೋ ಹೊತ್ತಿಗೆ ರಾಜನ ವಿಧವೆ ಶಿವರಾವ್ ಅನ್ನುವವನನ್ನ ದತ್ತು ತಗೊಂಡಳು. ಹೆಸರು ಉಳೀತು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇಚಲಕರಂಜಿಯ ಘೋರ್ಪಡೆಗಳ ಕಥೆ. ಅವರು ಮರಾಠರಲ್ಲ, ಬ್ರಾಹ್ಮಣರು! ಮೂಲಪುರುಷ ನಾರೋ ಮಹಾದೇವ ಜೋಶಿ. ಕೊಂಕಣದಿಂದ ಬಂದ ಬಡ ಹುಡುಗ, ಸಂತಾಜಿ ಘೋರ್ಪಡೆಯ ಆಶ್ರಯದಲ್ಲಿ ಬೆಳೆದು ದೊಡ್ಡವನಾದ. ಅನ್ನ ಕೊಟ್ಟ ಧಣಿಯ ಋಣಕ್ಕೆ ಜೋಶಿ ಅನ್ನೋದನ್ನ ಬಿಟ್ಟು ಘೋರ್ಪಡೆ ಅಂತ ಇಟ್ಟುಕೊಂಡ. ಅವನ ಮಗ ವೆಂಕಟರಾವ್ ಪೇಶ್ವೆ ಬಾಲಾಜಿ ವಿಶ್ವನಾಥರ ಮಗಳು ಅನೂಬಾಯಿಯನ್ನ ಮದುವೆಯಾದ. ಅಡ್ಡಹೆಸರು ಕೇಳಿದ ತಕ್ಷಣ ಜಾತಿ ಲೆಕ್ಕ ಹಾಕೋರು ನಮ್ಮಲ್ಲಿ ಬಹಳ ಜನ. ಅಂಥವರು ಈ ಒಂದು ಮನೆತನದ ಕಥೆ ಓದಿದರೆ ಸಾಕು. ಉಡದ ಬಿರುದಿನಿಂದ ಒಬ್ಬರಿಗೆ, ಹುಟ್ಟಿನಿಂದ ಒಬ್ಬರಿಗೆ, ದತ್ತಿನಿಂದ ಒಬ್ಬರಿಗೆ, ಉಪಕಾರ ಸ್ಮರಣೆಯಿಂದ ಒಬ್ಬರಿಗೆ ಬಂದ ಹೆಸರು ಇದು. ರಕ್ತ ಒಂದೇ ಅನ್ನೋ ಮಾತು ಎಲ್ಲಿ ಉಳೀತು ಹೇಳಿ?

ಇನ್ನು ನಮ್ಮ ಕಡೆಯ ಸಮಾಚಾರ. ಘೋರ್ಪಡೆ ಅನ್ನೋದು ಸಂಡೂರಿನಲ್ಲಿ ಅಷ್ಟು ಎದ್ದು ಕಾಣೋದಕ್ಕೆ ಇನ್ನೊಂದು ಕಾರಣ ಇದೆ. ಬಳ್ಳಾರಿ ಜಿಲ್ಲೆ 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಹೋಯಿತು, 1953ರ ತನಕ ಮದರಾಸಿನ ಜೊತೆ ಇತ್ತು. ಹೀಗಾಗಿ ಹೊಸಪೇಟೆ, ಹಂಪಿ, ಕಂಪ್ಲಿಯವರು ಮದರಾಸಿನವರ ಹಾಗೆ ಇನಿಷಿಯಲ್ ಹಾಕ್ತೀವಿ. 'ಎಚ್' ಅಂದರೆ ಹೊಸಪೇಟೆ, 'ಕೆ' ಅಂದರೆ ಕಂಪ್ಲಿ, ಆಮೇಲೆ ಅಪ್ಪನ ಹೆಸರಿನ ಒಂದು ಅಕ್ಷರ, ಕೊನೆಗೆ ನಮ್ಮ ಹೆಸರು. ತುಂಗಭದ್ರೆ ದಾಟಿ ಗಂಗಾವತಿ, ಕೊಪ್ಪಳದ ಕಡೆ ಹೋದರೆ ಅದು ಹಳೇ ನಿಜಾಮನ ಸೀಮೆ. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ಪಾಟೀಲ, ದೇಸಾಯಿ, ಕುಲಕರ್ಣಿ ಅಂತ ಹೆಸರಿನ ಬಾಲ ಗಟ್ಟಿಯಾಗುತ್ತಾ ಹೋಗುತ್ತೆ. ಸುತ್ತ ಇನಿಷಿಯಲ್‌ನವರ ನಡುವೆ ಸಂಡೂರು ಮಾತ್ರ ಒಂದು ಪುಟ್ಟ ಮರಾಠಿ ಸಂಸ್ಥಾನ, 1949ರ ತನಕ.

ಎಂ.ವೈ. ಘೋರ್ಪಡೆಯವರ ಹೆಸರನ್ನೇ ಬಿಡಿಸಿ ನೋಡಿ. ಮುರಾರಿರಾವ್ ಯಶವಂತರಾವ್ ಘೋರ್ಪಡೆ. ಮೊದಲನೇದು ಅವರದು, ಅದರಲ್ಲೇ ಗುತ್ತಿಯ ಮುರಾರಿರಾಯನ ನೆನಪು ಇದೆ. ಎರಡನೇದು ತಂದೆಯದು, ಸಂಡೂರಿನ ಕೊನೆಯ ರಾಜರು. ಕುಮಾರಸ್ವಾಮಿ ದೇವಸ್ಥಾನವನ್ನ 1932ರಲ್ಲೇ ದಲಿತರಿಗೆ ತೆರೆದವರು ಅವರು, 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಮೂರನೇದು ಉಡ. ಎಂ.ವೈ. ಅವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ ಆಗಿದ್ದರು, ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು, 2011ರಲ್ಲಿ ತೀರಿಕೊಂಡರು. ಪ್ರಾಣಿಯ ಹೆಸರು ಹೊತ್ತ ಮನೆತನದವರೊಬ್ಬರು ಕ್ಯಾಮೆರಾ ಹಿಡಿದು ಪ್ರಾಣಿಗಳ ಹಿಂದೆ ಕಾಡು ಸುತ್ತಿದ್ದು ನನಗೆ ಯಾಕೋ ಬಹಳ ಇಷ್ಟ. ಪಾಪ, ಆ ಉಡಕ್ಕೆ ಮಾತ್ರ ಇವತ್ತಿಗೂ ನೆಮ್ಮದಿ ಇಲ್ಲ. ಖಂಜಿರಕ್ಕೆ ಅದರ ಚರ್ಮ, ನಾಲಿಗೆ ಚಪಲಕ್ಕೆ ಮಾಂಸ. ಕಾನೂನಿನಲ್ಲಿ ಹುಲಿಗೆ ಇರುವ ಮೊದಲ ಪಟ್ಟಿಯ ರಕ್ಷಣೆಯೇ ಉಡಕ್ಕೂ ಇದೆ, ಆದರೂ ಹಿಡಿಯೋರು ಹಿಡೀತಾರೆ.

ಅಡ್ಡಹೆಸರು ಇಲ್ಲ ಅಂದ ಮಾತ್ರಕ್ಕೆ ನಮ್ಮ ಹೆಸರಿಗೆ ಊರಿಲ್ಲ ಅಂತಲ್ಲ. ಪಂಪಾಪತಿ, ಹಂಪಮ್ಮ, ವಿರೂಪಾಕ್ಷಪ್ಪ, ಹುಲಿಗೆಮ್ಮ ಅಂದರೆ ಸಾಕು, ಹೊಳೆದಂಡೆಯವರು ಅಂತ ಯಾರಾದರೂ ಹೇಳಿಬಿಡ್ತಾರೆ. ಇನ್ನು ಲಂಬಾಣಿಗಳದ್ದು ಇನ್ನೊಂದು ಕಥೆ. ವಿಜಯಪುರದ ಕಡೆ ರಾಠೋಡ, ಚವ್ಹಾಣ ಅಂತ ಬರೆಯೋ ಜನವೇ ಸಂಡೂರು, ಹೊಸಪೇಟೆ ತಾಂಡಾಗಳಲ್ಲಿ ನಾಯ್ಕ ಅಂತ ಬರೀತಾರೆ. ಪಕ್ಕದ ಊರಿನ ಬೇಡರು ನಾಯಕ. ಒಂದು ಒತ್ತಕ್ಷರದ ವ್ಯತ್ಯಾಸ, ಜನ ಬೇರೆ, ಭಾಷೆ ಬೇರೆ.

ಈಗ ನಮ್ಮ ಕಣ್ಣೆದುರಿಗೇ ಹೊಸ ಅಡ್ಡಹೆಸರುಗಳು ಹುಟ್ಟುತ್ತಾ ಇವೆ. ನಮ್ಮ ದೊಡ್ಡಪ್ಪನ ಮಗ ಅಮೆರಿಕಕ್ಕೆ ಹೋದಾಗ ಅರ್ಜಿಯಲ್ಲಿ ಲಾಸ್ಟ್ ನೇಮ್ ಬೇಕೇ ಬೇಕು ಅಂದರಂತೆ. ಇನಿಷಿಯಲ್‌ನಲ್ಲಿದ್ದ ಎಚ್ ಅನ್ನ ಬಿಡಿಸಿ ಹೊಸಪೇಟೆ ಅಂತ ಬರೆದ. ಈಗ ಅಲ್ಲಿ ಹುಟ್ಟಿದ ಅವನ ಮಗಳು ಶಾಲೆಯಲ್ಲಿ ಮಿಸ್ ಹೊಸಪೇಟೆ! ಹೋದ ವರ್ಷ ಬಂದಿದ್ದಾಗ ಬಸ್ ಸ್ಟ್ಯಾಂಡಿನ ಬೋರ್ಡ್ ನೋಡಿ, "ದೊಡ್ಡಪ್ಪಾ, ನನ್ನ ಹೆಸರು ಯಾಕೆ ಅಲ್ಲಿ ಬರ್ದಿದಾರೆ?" ಅಂತ ಕೇಳಿತು ಕೂಸು. ಊರಲ್ಲಿ ಇದ್ದವರಿಗೆ ಊರಿನ ಹೆಸರು ಬೇಕಾಗಿರಲಿಲ್ಲ, ಬಿಟ್ಟು ಹೋದವರಿಗೆ ಬೇಕಾಯಿತು. ನೂರು ವರ್ಷ ಆದಮೇಲೆ ಯಾರೋ ಒಬ್ಬರು ಅಲ್ಲಿ ಕೂತು ಈ ಅಪರೂಪದ ಅಡ್ಡಹೆಸರಿನ ಮೂಲ ಹುಡುಕಬಹುದು. ಆಗ ಅದಕ್ಕೂ ಒಂದು ಉಡದ ಕಥೆ ಸೇರಿಕೊಂಡಿದ್ದರೆ ಆಶ್ಚರ್ಯ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಮನಸ್ಸಿನಲ್ಲಿ ಹಾಗೇ ಉಳೀತು. ಸಿದ್ದೋಜಿರಾವ್ ಸಂಡೂರನ್ನ ಗೆದ್ದದ್ದು ಯಾರಿಂದ? 'ಬೇಡರ ಪಾಳೇಗಾರನಿಂದ' ಅಂತ ಒಂದೇ ಸಾಲಿನಲ್ಲಿ ಮುಗಿಸ್ತಾರೆ. ಗೆದ್ದವನಿಗೆ ಹೆಸರು, ಅಪ್ಪನ ಹೆಸರು, ಬಿರುದು, ಬಿರುದಿಗೊಂದು ಕಥೆ, ಕಥೆಯೊಳಗಿನ ಉಡ, ಎಲ್ಲಾ ಇದೆ. ಸೋತವನಿಗೆ ಉಳಿದದ್ದು ಜಾತಿ ಮಾತ್ರ. ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಸಂಡೂರಿನ ಯಾವುದೋ ಹಳ್ಳಿಯಲ್ಲಿ ಒಂದು ಇನಿಷಿಯಲ್ ಇಟ್ಟುಕೊಂಡು, ಗಣಿ ಲಾರಿ ಓಡಿಸಿಕೊಂಡೋ ಮೆಣಸಿನಕಾಯಿ ಬೆಳೆದುಕೊಂಡೋ ಇರಬಹುದು. ಅವರನ್ನ ಹುಡುಕೋಕೆ ಹಿಡಿದುಕೊಳ್ಳೋಕೆ ಒಂದು ಹೆಸರಿನ ಎಳೆಯೂ ಇಲ್ಲ.

ನಿಮ್ಮ ಊರಲ್ಲೂ ಇಂಥ ಒಂದೇ ಮನೆಯ ಹೆಸರುಗಳು ಇದ್ದೇ ಇರ್ತವೆ. ಅದು ಎಲ್ಲಿಂದ ಬಂತು, ಅದು ಬರೋ ಮುಂಚೆ ಅಲ್ಲಿ ಯಾರಿದ್ದರು ಅಂತ ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ. ಗೊತ್ತಾದರೆ ಬರೀರಿ, ಓದೋಕೆ ನಾನಂತೂ ಕಾಯ್ತಾ ಇರ್ತೀನಿ.