ಪ್ಯಾರಿಸ್ ಬಾಡಿಗೆ

ಕಳೆದ ವರ್ಷ ಜುಲೈಯ ಒಂದು ಭಾನುವಾರ ಕಾಂದಿವಲಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಚಾರ್ಕೋಪ್‌ನ ನಮ್ಮ ಸಾಲುಮನೆಗಳ ನಡುವಿನ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಹೊರಗೆ ಹೋಗುವಂತಿಲ್ಲ. ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬರು ಟಿವಿ ಹಾಕಿದರೆ ಎಲ್ಲರೂ ನೋಡಲೇಬೇಕು. ಹಾಗೆ ನಾನು ಹಾಕಿದ 'ಮೈ ಓಲ್ಡ್ ಲೇಡಿ' ಎಂಬ ಇಂಗ್ಲಿಷ್ ಸಿನಿಮಾವನ್ನು, ಇಂಗ್ಲಿಷ್ ಬಾರದ ನನ್ನ ಅಮ್ಮನೂ ಬೀನ್ಸ್ ಮುರಿಯುತ್ತಾ ನೋಡಿದರು. ನಾನು ನಡುನಡುವೆ ತುಳುವಿನಲ್ಲಿ ಕತೆ ಹೇಳುತ್ತಿದ್ದೆ.

ಅದು 2014ರ ಸಿನಿಮಾ. ಇಸ್ರೇಲ್ ಹೊರೊವಿಟ್ಜ್ ಎಂಬ ನಾಟಕಕಾರ ಎಪ್ಪತ್ತೈದರ ಪ್ರಾಯದಲ್ಲಿ ತನ್ನದೇ ನಾಟಕವನ್ನು ಸಿನಿಮಾ ಮಾಡಿದ್ದು. ಕತೆಯ ಮಥಾಯಸ್ ಗೋಲ್ಡ್ ನ್ಯೂಯಾರ್ಕಿನವನು. ಐವತ್ತು ದಾಟಿದೆ, ಕೈಯಲ್ಲಿ ಕಾಸಿಲ್ಲ. ತೀರಿಹೋದ ಅಪ್ಪ ಇವನಿಗೆ ಬಿಟ್ಟುಹೋದದ್ದು ಪ್ಯಾರಿಸ್ಸಿನಲ್ಲೊಂದು ದೊಡ್ಡ ಮನೆ. ಮಾರಿ ಸಾಲ ತೀರಿಸೋಣ ಎಂದು ಇದ್ದಬದ್ದ ಹಣದಲ್ಲಿ ಟಿಕೆಟ್ ಮಾಡಿಕೊಂಡು ಬರುತ್ತಾನೆ. ಬಾಗಿಲು ತೆರೆದರೆ ಒಳಗೆ ತೊಂಬತ್ತು ದಾಟಿದ ಒಬ್ಬ ಅಜ್ಜಿ ಕುಳಿತಿದ್ದಾಳೆ. ಅಜ್ಜಿಯ ಪಾತ್ರ ಮ್ಯಾಗಿ ಸ್ಮಿತ್‌ದು, ಮಥಾಯಸ್ ಆಗಿರುವುದು ಕೆವಿನ್ ಕ್ಲೈನ್. ಆಕೆ ಶಾಂತವಾಗಿ ವಿಷಯ ತಿಳಿಸುತ್ತಾಳೆ: ಮನೆ ನಿನ್ನದೇ, ಆದರೆ ನಾನು ಬದುಕಿರುವವರೆಗೆ ಇಲ್ಲೇ ಇರುತ್ತೇನೆ. ಅಷ್ಟೇ ಅಲ್ಲ, ತಿಂಗಳಿಗೆ 2,400 ಯೂರೋ ನೀನೇ ನನಗೆ ಕೊಡಬೇಕು.

ಫ್ರಾನ್ಸಿನಲ್ಲಿ ಇದಕ್ಕೆ ವಿಯಾಜೇ ಎನ್ನುತ್ತಾರೆ. ವಯಸ್ಸಾದವರು ಮನೆಯನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಕೊಂಡವರು ಸಾಮಾನ್ಯವಾಗಿ ಮೊದಲು ಸ್ವಲ್ಪ ಹಣ, ಆಮೇಲೆ ತಿಂಗಳು ತಿಂಗಳು ಇಂತಿಷ್ಟು ಕೊಡುತ್ತಾರೆ. ಮಾರಿದವರು ಸಾಯುವವರೆಗೆ ಅಲ್ಲೇ ಇರಬಹುದು. ಬೇಗ ಸತ್ತರೆ ಕೊಂಡವರಿಗೆ ಲಾಭ, ಹೆಚ್ಚು ಬದುಕಿದರೆ ನಷ್ಟ. ಇದರ ಪ್ರಸಿದ್ಧ ಉದಾಹರಣೆ ಆರ್ಲ್ ಊರಿನ ಝಾನ್ ಕಾಲ್ಮಾ. 1965ರಲ್ಲಿ, ಆಕೆಗೆ ತೊಂಬತ್ತಾಗಿದ್ದಾಗ, ರಾಫ್ರೇ ಎಂಬ ವಕೀಲ ತಿಂಗಳಿಗೆ 2,500 ಫ್ರಾಂಕ್ ಕೊಡುವ ಕರಾರಿನ ಮೇಲೆ ಆಕೆಯ ಮನೆ ಕೊಂಡ. ಆಗ ಅವನಿಗೆ ಐವತ್ತೂ ಆಗಿರಲಿಲ್ಲ. ಮೂವತ್ತು ವರ್ಷ ಹಣ ಕಟ್ಟಿ, ಆ ಮನೆಯಲ್ಲಿ ವಾಸಿಸದೆಯೇ 1995ರಲ್ಲಿ ತೀರಿಕೊಂಡ. ಆಮೇಲೆ ಅವನ ಹೆಂಡತಿ ಕಟ್ಟಬೇಕಾಯಿತು. ಅಜ್ಜಿ 1997ರವರೆಗೆ ಬದುಕಿದಳು, 122 ವರ್ಷ. ಮನೆಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಅಷ್ಟರಲ್ಲಿ ಸಂದಾಯವಾಗಿತ್ತು.

ಇದನ್ನು ಹೇಳಿದಾಗ ಅಮ್ಮ ಬಿದ್ದುಬಿದ್ದು ನಕ್ಕರು. ಅವರಿಗೆ ವಿಯಾಜೇ ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. ಅಪ್ಪ ಫೋರ್ಟಿನ ಹೋಟೆಲಿನಲ್ಲಿದ್ದಾಗ ಅವರು ಗಿರ್ಗಾಂವ್‌ನ ಪಗಡಿ ಕೋಣೆಯಲ್ಲಿ ಸಂಸಾರ ಮಾಡಿದವರು. ಮುಂಬಯಿಯ ಬಾಡಿಗೆ ನಿಯಂತ್ರಣ ಕಾಯ್ದೆ ಬಂದದ್ದು 1947ರಲ್ಲಿ. ಅದು ಹಳೆಯ ಕೋಣೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ಕಟ್ಟಡ ಒಬ್ಬರದು, ಅದರೊಳಗೆ ತಲೆಮಾರು ಇರುವವರು ಇನ್ನೊಬ್ಬರು. "ನಮ್ಮ ಸೇಠನ ಮಗನೂ ಹೀಗೇ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದ. ಮನೆ ಅವನದು, ಒಳಗೆ ಬರುವಂತಿಲ್ಲ" ಎಂದರು.

ನಕ್ಕದ್ದು ಅಲ್ಲಿಗೆ ಮುಗಿಯಿತು. ಯಾಕೆಂದರೆ ಅದೇ ಏಪ್ರಿಲ್‌ನಲ್ಲಿ ನಾನೂ ಒಂದು ಬಾಗಿಲಲ್ಲಿ ನಿಂತು ಇಣುಕಿ ಬಂದಿದ್ದೆ.

ಕಾರ್ಕಳದ ಹತ್ತಿರ ನಮ್ಮದೊಂದು ಕುಟುಂಬದ ಮನೆಯಿದೆ. ನಮ್ಮದು ಅಳಿಯಸಂತಾನದವರು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ, ಮಾವನದು ಅಳಿಯನಿಗೆ ಬರುವ ಕಟ್ಟಳೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬವನ್ನು ಕವರುಗಳಾಗಿ ಪಾಲು ಮಾಡಲು ದಾರಿ ಮಾಡಿಕೊಟ್ಟಿತು. ಅದರಲ್ಲೊಂದು ವಿಚಿತ್ರ ನಿಯಮವಿತ್ತು. ಐವತ್ತು ವರ್ಷ ತುಂಬದ ಹೆಣ್ಣೊಬ್ಬಳೂ ಇಲ್ಲದ ಕವರು 'ನಿಸ್ಸಂತತಿ'. ಸಂತತಿಯಿರುವ ಬೇರೆ ಕವರು ಇದ್ದರೆ ಇವರಿಗೆ ಪಾಲು ಬರುವುದು ಬದುಕಿರುವವರೆಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಈ ಲೆಕ್ಕ ಬದಲಾಯಿತು, ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯಗಳು ಹೋದವು. ಆದರೆ ಊರಿನವರ ತಲೆಯಿಂದ ಹೋಗಲಿಲ್ಲ. ನಮ್ಮಲ್ಲಿ ಪಾಲಾದದ್ದು 1994ರಲ್ಲಿ. ಆಗಲೂ ಹಿರಿಯರು ಬರೆಸಿದ್ದು ಹೀಗೆ: ಮದುವೆಯಾಗದ ದೊಡ್ಡಮ್ಮ ಜೀವಮಾನ ಪರ್ಯಂತ ಮನೆಯಲ್ಲಿ ಇರತಕ್ಕದ್ದು, ತದನಂತರ ಅದು ನನ್ನ ಅಮ್ಮನಿಗೆ ಮತ್ತು ಅಮ್ಮನ ಮಕ್ಕಳಿಗೆ ಸೇರತಕ್ಕದ್ದು.

ಆ ಮನೆಗೆ ಹೋಂಸ್ಟೇ ಮಾಡುವವರೊಬ್ಬರಿಂದ ಒಳ್ಳೆಯ ಬೆಲೆ ಬಂತು. ನಮಗೆ ಮಗಳಿಗೊಂದು ಬೇರೆ ಕೋಣೆಯಿರುವ ಫ್ಲ್ಯಾಟ್ ಬೇಕಿತ್ತು. ಎಂಬತ್ತೊಂದರ ದೊಡ್ಡಮ್ಮ ಸಹಿ ಹಾಕಿ, ಕಾರ್ಕಳ ಪೇಟೆಯಲ್ಲಿ ಬಾಡಿಗೆ ಮನೆಯಲ್ಲೋ ನಮ್ಮ ಜೊತೆಯಲ್ಲೋ ಇದ್ದರಾಯಿತು ಎಂದು ನಾನೇ ತೀರ್ಮಾನಿಸಿ, ಮತ್ಸ್ಯಗಂಧ ಹತ್ತಿ ಊರಿಗೆ ಹೋದೆ.

ಹೋದವರಿಗೆ ಊರಿನಲ್ಲಿ ಮೊದಲು ಕೇಳುವುದು "ಏಪ ಬತ್ತಿನಿ?" ಯಾವಾಗ ಬಂದದ್ದು? ಬೆನ್ನಿಗೇ ಎರಡನೆಯದು, "ಏಪ ಪೋಪಿನಿ?" ಯಾವಾಗ ಹೋಗುವುದು? ಮುಂಬಯಿಯಲ್ಲಿ ಹುಟ್ಟಿದ ನನಗೆ ಎರಡನೆಯದು ಯಾವತ್ತೂ ಚುಚ್ಚುತ್ತದೆ. ಅವರಿಗದು ಎಷ್ಟು ಸೇರು ಅಕ್ಕಿ ನೆನೆಹಾಕಬೇಕು ಎಂಬ ಲೆಕ್ಕ ಮಾತ್ರ.

ಪರದೇಶಿ ವಾರಸುದಾರ ಮಾಡುವ ತಪ್ಪುಗಳನ್ನೆಲ್ಲ ನಾನು ಮಾಡಿದೆ. ನನ್ನ ತುಳುವಿನಲ್ಲಿ ಎರಡು ಮಾತಿಗೊಂದು 'ಮತ್ಲಬ್' ಬರುತ್ತಿತ್ತು. ಕೆಲಸಕ್ಕೆ ಬರುವ ಹೆಂಗಸು ಅದನ್ನು ಯಾರದೋ ಹೆಸರೆಂದುಕೊಂಡಳು. ದೊಡ್ಡಮ್ಮನಿಗೆಂದು ಕಾಂದಿವಲಿಯಿಂದ ಹೊತ್ತುಕೊಂಡು ಹೋದ ಫಾಫ್ಡಾವನ್ನು ಅವರು ಗಂಜಿಗೆ ಮುರಿದು ಹಾಕಿ, ಉಪ್ಪಿಲ್ಲ ಎಂದರು. ಫೋನು ಹಿಡಿದು ಜಗಲಿ ಅಳೆಯುತ್ತಿದ್ದಾಗ "ಹಾವು ಕಂಡಿತಾ?" ಎಂದು ಕೇಳಿದರು. ಸಿನಿಮಾದಲ್ಲಿ ಮಥಾಯಸ್ ಆ ಮನೆಯ ಪೀಠೋಪಕರಣಗಳನ್ನು ಗುಟ್ಟಾಗಿ ಮಾರುತ್ತಾನೆ. ನಾನು ಮಾರಲಿಲ್ಲ. ಆದರೆ ಚಾವಡಿಯ ಹಲಸಿನ ಕಂಬಗಳ, ಅಜ್ಜಿಯ ಮರದ ಪೆಟ್ಟಿಗೆಯ ಫೋಟೋ ತೆಗೆದು, ಹಳೆಯ ಸಾಮಾನಿಗೆ ಎಷ್ಟು ಬೆಲೆಯಿದೆಯೆಂದು ರಾತ್ರಿ ಹೊದಿಕೆಯೊಳಗೆ ಹುಡುಕಿದ್ದೆ.

ಮೂರನೆಯ ದಿನ ಕಾಗದ ತೆಗೆದೆ. ದೊಡ್ಡಮ್ಮ ಕನ್ನಡಕ ಹಾಕಿ ಪೂರ್ತಿ ಓದಿದರು. ಸಿಟ್ಟು ಬರಲಿಲ್ಲ. "ಸಹಿ ಹಾಕುವುದಕ್ಕೇನು. ದೈವದ ಕೋಣೆಯನ್ನು ಎಲ್ಲಿಗೆ ಒಯ್ಯುತ್ತಿ, ಹೇಳು" ಎಂದರು. ನಮ್ಮ ಕಡೆ ಗದ್ದೆ, ತೋಟ ಪಾಲಾದರೂ ಧರ್ಮದೈವ ಪಾಲಾಗುವುದಿಲ್ಲ. ವರ್ಷಕ್ಕೊಮ್ಮೆ ತಂಬಿಲ ಆಗಬೇಕು, ದಿನಾ ದೀಪ ಇಡಬೇಕು. ಆ ದೀಪ ಇಟ್ಟುಕೊಂಡು ಬಂದವರು ಅವರೊಬ್ಬರೇ. 2022ರಲ್ಲಿ 'ಕಾಂತಾರ' ಬಂದಾಗ ಕಾಂದಿವಲಿಯ ನಮ್ಮ ಗುಜರಾತಿ ನೆರೆಯವರು "ನಿಮ್ಮ ಮನೆಯಲ್ಲೂ ಹೀಗೆ ಇದೆಯಾ?" ಎಂದು ಕೇಳಿದ್ದರು. ಇದೆ ಎಂದು ಎದೆಯುಬ್ಬಿಸಿ ಹೇಳಿದ್ದೆ. ಅಂಥ ನನ್ನಲ್ಲಿ ದೊಡ್ಡಮ್ಮನ ಪ್ರಶ್ನೆಗೆ ಉತ್ತರವಿರಲಿಲ್ಲ.

ಖಾಲಿ ಕಾಗದದೊಂದಿಗೆ ಮರಳಿದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. "ಇರಲಿ, ಕಾಯೋಣ" ಎಂದೆ ನಾನೇ. ಏನನ್ನು ಕಾಯುವುದೆಂದು ಯಾರೂ ಕೇಳಲಿಲ್ಲ.

ಸಿನಿಮಾದ ಎರಡನೆಯ ಅರ್ಧದಲ್ಲಿ ನಗು ಕಡಿಮೆಯಾಗುತ್ತದೆ. ಅಪ್ಪ ಮತ್ತು ಆ ಅಜ್ಜಿ ವರ್ಷಗಟ್ಟಲೆ ಪ್ರೇಮಿಗಳಾಗಿದ್ದರು, ತನ್ನ ತಾಯಿಯ ಸಾವಿನ ಮೇಲೂ ಅದರ ನೆರಳಿದೆ ಎಂದು ಮಥಾಯಸ್‌ಗೆ ಗೊತ್ತಾಗುತ್ತದೆ. ನಾಟಕದ ಉದ್ದುದ್ದ ಮಾತುಗಳು ಸಿನಿಮಾದಲ್ಲೂ ಹಾಗೇ ಉಳಿದಿವೆ. ಅಜ್ಜಿಯ ಮಗಳೊಂದಿಗೆ ಅವನ ಪ್ರೀತಿಯೂ ಸ್ವಲ್ಪ ಸುಲಭವಾಗಿಯೇ ಕುದುರುತ್ತದೆ. ಆದರೂ ಒಂದು ವಿಷಯದಲ್ಲಿ ಅದು ಸುಳ್ಳು ಹೇಳುವುದಿಲ್ಲ. ಮನೆ ಸಿಕ್ಕಿತೆಂದು ಬಂದವನಿಗೆ ಸಿಕ್ಕಿದ್ದು ಅದರೊಳಗಿನ ಮನುಷ್ಯರು. ಆ ಅಜ್ಜಿ ಎಷ್ಟು ದಿನ ಬದುಕುತ್ತಾಳೆಂದು ಲೆಕ್ಕ ಹಾಕುತ್ತಾ ಅವಳೆದುರೇ ಕುಳಿತು ಊಟ ಮಾಡುವವನು ಅವನು. ಅದರಲ್ಲಿ ನಗು ಎಷ್ಟಿದೆಯೋ ಹೇಸಿಗೆಯೂ ಅಷ್ಟೇ ಇದೆ.

ಸಿನಿಮಾ ಮುಗಿಯುವ ಹೊತ್ತಿಗೆ ಅಮ್ಮನ ಬೀನ್ಸ್ ಮುಗಿದಿತ್ತು. ಮೊರವನ್ನು ಬದಿಗಿಟ್ಟು, ಟಿವಿಯನ್ನೇ ನೋಡುತ್ತಾ, "ಫ್ರಾನ್ಸಿನವರು ವಾಸಿ. ಕಾಯುವುದಕ್ಕೆ ಹಣ ಕೊಡುತ್ತಾರೆ. ನಾವು ಬಿಟ್ಟಿ ಕಾಯುತ್ತಿದ್ದೇವೆ" ಎಂದರು.

ಆಮೇಲೆ ನಾನು ಕೇಳದೆ ಹೇಳಿದರು. ಅಜ್ಜಿಗೆ ಪಾರ್ಶ್ವವಾಯು ಬಡಿದ ವರ್ಷ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಮನೆಯಲ್ಲಿ ನಿಲ್ಲಬೇಕಿತ್ತು. ಸಂಬಂಧ ಬಂದದ್ದು ಅಕ್ಕನಿಗೆ, ಮದುವೆಯಾದದ್ದು ತಂಗಿಗೆ. ಆ ಹುಡುಗನೇ ನನ್ನ ಅಪ್ಪ. ಮುಂದೆ ಎಂಬತ್ತರ ದಶಕದ ಕೊನೆಯಲ್ಲಿ ಚಾರ್ಕೋಪ್‌ನ ಈ ಮನೆಗೆ ಮೊದಲ ಕಂತು ಕಟ್ಟಲು ಹಣ ಸಾಲದೆ ಬಂದಾಗ, ಊರಿನಿಂದ ಬಂದ ಯಾರದೋ ಕೈಯಲ್ಲಿ ಒಂದು ಜೊತೆ ಬಳೆ ಬಂತು. ಪತ್ರವೂ ಇರಲಿಲ್ಲ.

ಹಾಗಾದರೆ ಯಾರು ಯಾರ ಮನೆಯಲ್ಲಿದ್ದೇವೆ? ನಾನು ಆ ರಾತ್ರಿ ಒಂದೂವರೆ ಕೋಣೆಯ ಗೋಡೆಗಳನ್ನು ನೋಡುತ್ತಾ ಮಲಗಿದ್ದೆ. "ಏಪ ಪೋಪಿನಿ?" ಎಂದು ದೊಡ್ಡಮ್ಮ ಕೇಳಿದ್ದು ಅಕ್ಕಿಯ ಲೆಕ್ಕಕ್ಕೆ. ಅದೇ ಪ್ರಶ್ನೆಯನ್ನು ಅವರ ಬಗ್ಗೆ ಮನಸ್ಸಿನಲ್ಲೇ ಕೇಳಿಕೊಂಡದ್ದು ನಾನು.

ಹೋಂಸ್ಟೇಯವರಿಗೆ ಬೇಡವೆಂದು ಹೇಳಿದ್ದೇವೆ. ಇದರಲ್ಲಿ ತ್ಯಾಗವೇನಿಲ್ಲ. ಮಗಳಿಗೆ ಕೋಣೆ ಇನ್ನೂ ಸಿಕ್ಕಿಲ್ಲ, ಅವಳಿಗೆ ಸಿಟ್ಟಿದೆ, ಅವಳ ಸಿಟ್ಟು ಸರಿಯಾಗಿಯೇ ಇದೆ. ಮುಂದೊಂದು ದಿನ ಆ ಮನೆ ಏನಾಗಬೇಕೆಂದು ನಾವು ಕೂತು ಮಾತಾಡಲೇಬೇಕಾಗುತ್ತದೆ. ಆಗ ದೀಪ ಯಾರು ಇಡುವುದೆಂಬ ಪ್ರಶ್ನೆಯಿಂದಲೇ ಶುರುಮಾಡಬೇಕು.

ಈ ಮಳೆಗಾಲಕ್ಕೆ ಮೊದಲು ಹೆಂಚು ಹೊದಿಸಲು ಹೋದಾಗ ಹನ್ನೆರಡು ದಿನ ಉಳಿದೆ. ಈಗ ಪ್ರತಿ ತಿಂಗಳ ಒಂದನೇ ತಾರೀಕಿಗೆ ನನ್ನ ಖಾತೆಯಿಂದ ಊರಿಗೆ ಸ್ವಲ್ಪ ಹಣ ಹೋಗುತ್ತದೆ. ದೊಡ್ಡಮ್ಮ ಮೊದಲು ಬೇಡವೆಂದರು, ಆಮೇಲೆ ಎಣ್ಣೆಗಾಯಿತು ಎಂದರು. ಒಂದನೇ ತಾರೀಕು ಸಮೀಪಿಸಿದಾಗ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ: "ಪ್ಯಾರಿಸ್ ಬಾಡಿಗೆ ಕಟ್ಟಿದೆಯಾ?"