ಸೋರಿಕೆ ಮತ್ತು ಸಂವರ

ಕಾಗಿಣಾ ನದಿ ಉಕ್ಕಿ ಬಂದರೆ ಊರಿಗೆ ಊರೇ ದಂಡೆಗೆ ಬಂದು ನಿಲ್ಲುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಳಖೇಡದಲ್ಲಿ ನೀರು ಮನೆ-ಮಠಗಳನ್ನು ಹೊಕ್ಕಾಗ ಅದನ್ನು ಕಾಣದವರು ಯಾರೂ ಇರಲಿಲ್ಲ. ಆದರೆ ಮಾಳಿಗೆಯ ಮೂಲೆಯೊಂದರಿಂದ ಹನಿಹನಿಯಾಗಿ ಇಳಿಯುವ ನೀರನ್ನು ಆ ಮನೆಯವರೇ ಬೇಗ ಗಮನಿಸುವುದಿಲ್ಲ. ಗಮನಿಸಿದರೂ ಕೆಳಗೊಂದು ಪಾತ್ರೆಯಿಟ್ಟು ಸುಮ್ಮನಾಗುತ್ತಾರೆ. ತೊಲೆ ಕೊಳೆತು ಬಾಗಿದ ಮೇಲೆಯೇ ಎಚ್ಚರ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಸೀಮೆಯಲ್ಲಿ ಫರಸಿ ಕಲ್ಲು ನೆಲಕ್ಕೂ ಬೇಕು, ಗೋಡೆಗೂ ಬೇಕು. ಹಳೆಯ ಮನೆಗಳಲ್ಲಿ ಮಾಳಿಗೆಗೂ ಅದೇ. ಕಲ್ಲು ಗಟ್ಟಿಯಾದುದು, ಅದರೊಳಗಿಂದ ನೀರು ಇಳಿಯುವುದು ಅಪರೂಪ. ನೀರು ಇಳಿಯುವುದು ಕಲ್ಲಿಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ. ಬಿಸಿಲಿಗೆ ಗಚ್ಚು ಬಿರಿದು ಕೂದಲೆಳೆಯಷ್ಟು ತೆರಪಾದರೆ ಮೊದಲ ಮಳೆಗೇ ಅದು ದಾರಿಯಾಗುತ್ತದೆ. ಶಿಶುನಾಳದ ಶರೀಫರು ತಮ್ಮ ತತ್ತ್ವಪದವೊಂದರಲ್ಲಿ ಸೋರುವ ಮಾಳಿಗೆಯನ್ನು ಅಜ್ಞಾನಕ್ಕೆ ರೂಪಕವಾಗಿಸಿದ್ದು ಇಂಥ ಮನೆಗಳಲ್ಲಿ ಬಾಳಿದವರಿಗೆ ಬೇಗ ಅರ್ಥವಾಗುತ್ತದೆ.

ನೀರಿನ ಈ ಮೆಲ್ಲನೆಯ ನಡೆಗೆ ಇಂಗ್ಲಿಷಿನಲ್ಲಿ ಲೀಕ್, ಸೀಪ್, ಊಜ್, ಟ್ರಿಕಲ್ ಮೊದಲಾದ ಹಲವು ಕ್ರಿಯಾಪದಗಳಿವೆ. ಕನ್ನಡವೂ ಬಡವಲ್ಲ. ಸೂರಿನಿಂದ ನೀರು ತೊಟ್ಟಿಕ್ಕುತ್ತದೆ; ಬಂಡೆಯ ಬಿರುಕಿನಲ್ಲಿ ಜಿನುಗುತ್ತದೆ; ಗಿಡವನ್ನು ಕಚ್ಚು ಮಾಡಿದರೆ ಹಾಲು ಒಸರುತ್ತದೆ; ಹೊಲದಲ್ಲಿ ಬಿದ್ದ ಮಳೆ ಇಂಗುತ್ತದೆ; ಒಡಕು ಕೊಡ ಸೋರುತ್ತದೆ. ಇವುಗಳ ಭೇದ ಆಡುಮಾತಿನಲ್ಲಿ ಎಂದೂ ತಪ್ಪುವುದಿಲ್ಲ. ಕಣ್ಣೀರು ಜಿನುಗಿತು ಎನ್ನುತ್ತಾರೆ, ಕರುಣೆ ಒಸರಿತು ಎನ್ನುತ್ತಾರೆ. ಕರುಣೆ ಸೋರಿತು ಎಂದು ಯಾರೂ ಹೇಳರು. ಗುಟ್ಟು, ತೆರಿಗೆ, ಪ್ರಶ್ನೆಪತ್ರಿಕೆ ಇವು ಮಾತ್ರ ಸೋರುತ್ತವೆ. ಹಿಡಿದಿಡಬೇಕಾದುದನ್ನು ಹಿಡಿದಿಡಲಿಲ್ಲ ಎಂಬ ಆಕ್ಷೇಪ ಆ ಕ್ರಿಯಾಪದದಲ್ಲಿಯೇ ಅಡಗಿದೆ.

ಇದಕ್ಕಿಂತಲೂ ವಿಚಾರಮಾಡತಕ್ಕ ಸಂಗತಿ ಇನ್ನೊಂದಿದೆ. ಕೊಡ ಸೋರಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ. ಮನೆ ಸೋರಿದರೆ ಹೊರಗಿನ ನೀರು ಒಳಗೆ ಬರುತ್ತದೆ. ಕನ್ನಡ ಎರಡಕ್ಕೂ ಒಂದೇ ಪದವನ್ನು ಬಳಸಿದೆ. ಜೈನ ಸಿದ್ಧಾಂತದ ಆಸ್ರವವು ಎರಡನೆಯ ಬಗೆಯದು. ಮನಸ್ಸು, ಮಾತು, ಕಾಯಗಳ ಚಲನೆಯೇ ಯೋಗ. ಆ ಯೋಗದ ದ್ವಾರದಿಂದ ಕರ್ಮವು ಆತ್ಮನತ್ತ ಹರಿದುಬರುವುದೇ ಆಸ್ರವ. ಕೆರೆಗೆ ನೀರು ತರುವ ದ್ವಾರವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಉಪಮಾನವಾಗಿ ಕೊಟ್ಟಿದ್ದಾರೆ. ತೂತುಬಿದ್ದ ದೋಣಿಯ ದೃಷ್ಟಾಂತವಂತೂ ಶ್ರಾವಕರೆಲ್ಲರೂ ಕೇಳಿದ್ದೇ. ಒಳಬಂದ ಕರ್ಮ ಅಂಟಿಕೊಳ್ಳುವುದು ಕಷಾಯದಿಂದ. ಒಣಗೋಡೆಯ ಮೇಲೆ ಬಿದ್ದ ಧೂಳು ಉದುರುತ್ತದೆ, ಒದ್ದೆ ಬಟ್ಟೆಯ ಮೇಲೆ ಬಿದ್ದ ಧೂಳು ಹತ್ತಿಕೊಳ್ಳುತ್ತದೆ. ಕಲ್ಲುಗಣಿಯ ಹತ್ತಿರ ವಾಸಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗುಟ್ಟಿನ ಸೋರಿಕೆಯಲ್ಲಿ ಈ ಎರಡು ಬಗೆಗಳೂ ಒಮ್ಮೆಗೇ ನಡೆಯುತ್ತವೆ. ಮಾತು ಹೊರಗೆ ಹೋದ ದಾರಿಯಲ್ಲಿಯೇ ಕರ್ಮ ಒಳಗೆ ಬರುತ್ತದೆ. ಈ ಸೀಮೆಯ ಒಂದು ಊರಿನಲ್ಲಿ ನಡೆದ ಸಂಗತಿ ಇದಕ್ಕೆ ಸಾಕ್ಷಿ. ವ್ಯಾಪಾರದಲ್ಲಿ ಸೋತ ಗೃಹಸ್ಥನೊಬ್ಬ ಮಗಳ ಓದಿಗಾಗಿ ಬಸದಿಯ ಸಮಿತಿಯಿಂದ ಗುಪ್ತವಾಗಿ ಸಹಾಯ ಕೇಳಿದ. ಸಮಿತಿ ಒಪ್ಪಿತು, ಹಣವೂ ಸಂದಾಯವಾಯಿತು. ಸದಸ್ಯರಲ್ಲೊಬ್ಬರು ಬೇಳೆಯ ವ್ಯಾಪಾರಿ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕುಳಿತಿದ್ದಾಗ, ಯಾವ ದ್ವೇಷವೂ ಇಲ್ಲದೆ, ಮರುಕದಿಂದಲೇ, ಆ ಮಾತನ್ನು ಸ್ನೇಹಿತರೊಬ್ಬರ ಕಿವಿಯಲ್ಲಿ ಹಾಕಿದರು. ನಾಲ್ಕು ದಿನಗಳಲ್ಲಿ ಅದು ಬಜಾರನ್ನು ಸುತ್ತಿತು. ಸಾಲ ಕೊಟ್ಟವರು ಆ ಗೃಹಸ್ಥನ ಮನೆಬಾಗಿಲಿಗೆ ಬಂದರು. ಆತ ಹಣವನ್ನು ಹಿಂದಿರುಗಿಸಿದ. ಮಗಳ ಓದು ನಿಂತಿತು. ಪರ್ಯೂಷಣದ ದಿನಗಳಲ್ಲಿಯೂ ಆ ಮನೆಯವರು ಬಸದಿಗೆ ಬರಲಿಲ್ಲ.

ಸಮಿತಿಯ ಹಿರಿಯರು ಕೇಳಿದಾಗ ವ್ಯಾಪಾರಿ, "ನಾನು ಸುಳ್ಳೇನೂ ಹೇಳಲಿಲ್ಲವಲ್ಲ, ಕಾಕಾ" ಎಂದರು. ಹಿರಿಯರು, "ಸಾಹುಕಾರರೆ, ನಿಮ್ಮ ಗೋದಾಮಿನಲ್ಲಿ ಬೇರೆಯವರು ಇಟ್ಟ ತೊಗರಿಯನ್ನು ಹಂಚಿಬಿಟ್ಟು, ಕಲಬೆರಕೆ ಮಾಡಿಲ್ಲವಲ್ಲ ಎಂದು ಹೇಳುತ್ತೀರೇನು?" ಎಂದರು. ವ್ಯಾಪಾರಿಗೆ ಉತ್ತರ ಹೊಳೆಯಲಿಲ್ಲ.

ಶಾಸ್ತ್ರಕಾರರಿಗೆ ಈ ಪ್ರಶ್ನೆ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ. ಮಿಥ್ಯೋಪದೇಶ, ಕೂಟಲೇಖಕ್ರಿಯೆಗಳ ಜೊತೆಗೆ ಅಲ್ಲಿ ರಹೋಭ್ಯಾಖ್ಯಾನವಿದೆ, ಎಂದರೆ ಏಕಾಂತದ ಸಂಗತಿಯನ್ನು ಹೊರಗೆಡಹುವುದು. ಸಾಕಾರಮಂತ್ರಭೇದವಿದೆ, ಎಂದರೆ ಮುಖಭಾವ, ಇಂಗಿತಗಳಿಂದ ಅರಿತ ಪರರ ಅಭಿಪ್ರಾಯವನ್ನು ಬಯಲುಮಾಡುವುದು. ಇಲ್ಲಿ ಆಡಿದ ಮಾತು ನಿಜವೇ ಆಗಿರಬಹುದು. ಆದರೂ ಸತ್ಯವ್ರತಕ್ಕೆ ಭಂಗ. ನಂಬಿ ಇಟ್ಟ ಒತ್ತೆಯನ್ನು ನುಂಗುವ ನ್ಯಾಸಾಪಹಾರವೂ ಇದೇ ಪಟ್ಟಿಯಲ್ಲಿದೆ. ಗುಟ್ಟೂ ಒಂದು ಒತ್ತೆಯೇ ಎಂಬುದನ್ನು ಮನಗಾಣಲು ವ್ಯಾಪಾರಿಗಳಿಗೆ ಕಷ್ಟವಾಗಬಾರದು.

ಹಣದ ಸೋರಿಕೆಯ ಕ್ರಮವೂ ಇದೇ. ಹಮಾಲರ ಕೊಕ್ಕೆ ತಾಗಿದ ಚೀಲದಿಂದ ತೊಗರಿ ಕಾಳುಕಾಳಾಗಿ ಸೋರುವಂತೆ, ರಸೀತಿಯಿಲ್ಲದೆ ಪಡೆದ ಕಾಣಿಕೆ, ಬರೆಯಲು ಮರೆತ ಖರ್ಚು, ನಾಳೆಗೆಂದು ಬಿಟ್ಟ ಲೆಕ್ಕ ಇವುಗಳಿಂದ ದೇವದ್ರವ್ಯ ಕರಗುತ್ತದೆ. ಕಳ್ಳನೊಬ್ಬ ಇರಲೇಬೇಕೆಂದಿಲ್ಲ, ಪ್ರಮಾದ ಒಂದಿದ್ದರೆ ಸಾಕು. ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಆ ಅರಸನ ಕಾಲದಲ್ಲಿದ್ದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ಲೆಕ್ಕಗಳಿಗೆ ಕೈಹಾಕುವ ಮೊದಲು ಧಾನ್ಯ, ಚಿನ್ನ ಮುಂತಾದವುಗಳ ಅಳತೆಯ ಪರಿಭಾಷೆಯನ್ನು ನಿಶ್ಚಯಿಸುತ್ತದೆ. ಆ ಪರಂಪರೆಯ ನೆಲದಲ್ಲಿ ಬಸದಿಯ ಲೆಕ್ಕದ ಪುಸ್ತಕ ಸೋರಬಾರದು.

ಆಸ್ರವದ ನಿರೋಧವೇ ಸಂವರ. ಬಂದು ಸೇರಿದ ಕರ್ಮವನ್ನು ಕಳೆಯುವುದು ನಿರ್ಜರೆ. ತೂತನ್ನು ಮುಚ್ಚದೆ ನೀರು ಮೊಗೆಯುವವನು ದಡ ಸೇರಲಾರ. ವರ್ಷಕ್ಕೊಮ್ಮೆ ಕ್ಷಮೆ ಬೇಡಿ, ಮರುದಿನವೇ ಅಂಗಡಿಯ ಕಟ್ಟೆಯ ಮೇಲೆ ಪರರ ಮನೆಯ ಮಾತಾಡುವುದು ಇಂಥ ಮೊಗೆತವೇ ಸರಿ.

ಆ ಬೇಳೆಯ ವ್ಯಾಪಾರಿ ಆ ಗೃಹಸ್ಥನ ಮನೆಗೆ ಹೋಗಿ ಕ್ಷಮೆ ಬೇಡಿದರು. ಆತ ಕ್ಷಮಿಸಿದ, ಕುಳ್ಳಿರಿಸಿ ನೀರು ಕೊಟ್ಟ. ಸಹಾಯವನ್ನು ಮಾತ್ರ ಮತ್ತೆ ಸ್ವೀಕರಿಸಲಿಲ್ಲ. ವ್ಯಾಪಾರಿ ಸಮಿತಿಯ ಸದಸ್ಯತ್ವವನ್ನು ತಾವಾಗಿಯೇ ಬಿಟ್ಟರು. ಅಂದಿನಿಂದ ಆ ಸಮಿತಿಯಲ್ಲಿ ಸಹಾಯ ಬೇಡಿದವರ ಹೆಸರನ್ನು ಸಭೆಯ ಮುಂದಿಡುವ ಪದ್ಧತಿ ನಿಂತಿದೆ. ಒಬ್ಬರೇ ವಿಚಾರಿಸಿ ನೋಡುತ್ತಾರೆ, ಉಳಿದವರು ಮೊತ್ತಕ್ಕೆ ಮಾತ್ರ ಒಪ್ಪಿಗೆ ಕೊಡುತ್ತಾರೆ. ಮೃಗಶಿರ ಮಳೆಗೆ ಮುಂಚೆ ಮಾಳಿಗೆ ಹತ್ತಿ ಸಂದಿಗಳಿಗೆ ಗಚ್ಚು ತುಂಬುವ ಹಾಗೆ, ಉಳಿದ ಬಸದಿಗಳ ಸಮಿತಿಗಳೂ ಈ ಒಂದು ಸಂದಿಯನ್ನು ನೋಡಿಕೊಳ್ಳುವುದು ಒಳ್ಳೆಯದು.