ಮೂರು ಗೆರೆಯ ಹಿಂದೆ ಅಡಗಿದ್ದ ಸುದ್ದಿ

ಎರಡು ವರ್ಷದ ಹಿಂದಿನ ಮಾತು. ಮುಂಗಾರು ಹಂಗಾಮಿನಲ್ಲಿ ಊರಿನಿಂದ ಕಾಕಾ ಫೋನ್ ಮಾಡಿದರು. "ತಮ್ಮಾ, ಗೋವಿನಜೋಳಕ್ಕ ವಿಮಾ ಕಟ್ಟಾಕ ಯಾವತ್ತಿನ ತನಕಾ ಟೈಮ್ ಐತಿ?"

ಕೊನೆಯ ದಿನ ಮುಗಿದು ಆಗಲೇ ಮೂರು ದಿನವಾಗಿತ್ತು. ನನಗೆ ಸಿಟ್ಟು ಬಂತು. ಆ ಸುದ್ದಿ ಬರೆದವನು ನಾನೇ. ನಾನು ಕೆಲಸ ಮಾಡುವ ವಾರಪತ್ರಿಕೆಯ ವೆಬ್‌ಸೈಟಿನಲ್ಲಿ ಹತ್ತು ದಿನ ಮೊದಲೇ ಹಾಕಿದ್ದೆ. "ಹಾಕೇವಲ್ಲ ಕಾಕಾ, ನೋಡಬೇಕಿಲ್ಲೇನು?" ಅಂದೆ.

"ನೋಡೀನೆಪಾ. ಎರಡ ದಿನಾ ಹುಡುಕೀನಿ. ಎಲ್ಲೆ ಐತಿ ಅದು?"

ಭಾನುವಾರ ಊರಿಗೆ ಹೋದಾಗ ಫೋನ್ ಅವರ ಕೈಗೇ ಕೊಟ್ಟು, ಹೇಗೆ ಹುಡುಕಿದಿರಿ ತೋರಿಸಿ ಅಂದೆ. ಕಾಕಾ ಮುಖಪುಟವನ್ನು ಕೆಳಗಿನ ತನಕ ಸರಿಸಿದರು, ಮತ್ತೆ ಮೇಲೆ ಬಂದರು. ಮೂಲೆಯಲ್ಲಿದ್ದ ಮೂರು ಗೆರೆಯನ್ನು ಒಮ್ಮೆಯೂ ಒತ್ತಲಿಲ್ಲ. "ಅದು ಒತ್ತೋದಂತ ನನಗೇನು ಗೊತ್ತೋ? ಡಿಸೈನ್ ಅಂದ್ಕೊಂಡಿದ್ದೆ."

ಆ ಮೂರು ಗೆರೆ ಹೊಸದೇನಲ್ಲ. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬುವರು ಬಿಡಿಸಿದ ಗುರುತು ಅದು. ಪಟ್ಟಿಯೊಂದು ಒಳಗಿದೆ ಎಂದು ಹೇಳುವುದು ಅದರ ಕೆಲಸ. ಬಲ್ಲವರಿಗೆ ಹೇಳುತ್ತದೆ, ಉಳಿದವರಿಗೆ ಬರೀ ಮೂರು ಗೆರೆ.

ನಾನೇ ಒತ್ತಿ ತೆರೆದುಕೊಟ್ಟೆ. ಸ್ಥಳೀಯ, ರಾಜ್ಯ, ಅಂಕಣ, ವಿಶೇಷ, ಇತರೆ. ಈ ಪಟ್ಟಿ ಜೋಡಿಸಿದವನೂ ನಾನೇ. ಕಾಕಾ 'ಸ್ಥಳೀಯ' ಒತ್ತಿದರು. ಅಪಘಾತ, ಜಾತ್ರೆ, ಸನ್ಮಾನ. 'ವಿಶೇಷ' ಒತ್ತಿದರು. ಹಬ್ಬದ ಲೇಖನ. ವಿಮೆಯ ಸುದ್ದಿ 'ಇತರೆ'ಯ ಒಳಗಿನ 'ಪ್ರಕಟಣೆಗಳು' ಎಂಬಲ್ಲಿತ್ತು. ನಮ್ಮ ಕಚೇರಿಯಲ್ಲಿ ಪುಟ ಹಂಚಿಕೊಳ್ಳುವ ಕ್ರಮ ಅದು. ಓದುವವರು ಹುಡುಕುವ ಕ್ರಮ ಅದಲ್ಲ.

ಮುಂಗಾರು ಬೆಳೆಗೆ ರೈತ ಕಟ್ಟಬೇಕಾದ ಕಂತು ವಿಮಾ ಮೊತ್ತದ ನೂರಕ್ಕೆ 2ರಷ್ಟು. ಅಷ್ಟು ದುಡ್ಡು ಕಾಕಾನ ಹತ್ತಿರ ಇತ್ತು. ಆ ವರ್ಷ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಸಂಪಾದಕರಿಗೆ ಹೇಳಿ ಪಟ್ಟಿ ಬದಲಿಸಲು ಹೊರಟೆ. ಬಳಕೆದಾರರ ಅನುಭವದ ಬಗ್ಗೆ ಕೆಲಸ ಮಾಡಿದ ಜೇಕಬ್ ನೀಲ್ಸನ್ 2000ದಲ್ಲಿ ಒಂದು ಮಾತು ಬರೆದಿದ್ದರು: ಐದು ಜನರ ಕೈಯಲ್ಲಿ ಬಳಸಿ ನೋಡಿದರೆ ಹೆಚ್ಚಿನ ತೊಡಕು ಕಣ್ಣಿಗೆ ಬೀಳುತ್ತವೆ. ನಮಗೆ ಐದು ಜನ ಸಿಗುವುದು ಕಷ್ಟವೇ? ಮೂವತ್ತು ಸುದ್ದಿಗಳ ತಲೆಬರಹವನ್ನು ಚೀಟಿಗಳ ಮೇಲೆ ಬರೆದು ಊರಿನ ಕಟ್ಟೆಯ ಮೇಲೆ ಹರಡಿದೆ. ಯಾವುದು ಯಾವುದರ ಜೊತೆ ಇರಬೇಕು, ನೀವೇ ಗುಂಪು ಮಾಡಿ ಅಂದೆ.

ಯಾರೂ 'ಸ್ಥಳೀಯ', 'ರಾಜ್ಯ' ಅಂತ ವಿಂಗಡಿಸಲಿಲ್ಲ. ಪೇಟೆ ಧಾರಣೆ ಒಂದು ಕಡೆ. ಅರ್ಜಿ ಹಾಕುವ ಸುದ್ದಿಗಳೆಲ್ಲ ಒಂದು ಕಡೆ, ಅದು ವಿಮೆಯಿರಲಿ, ವಿದ್ಯಾರ್ಥಿವೇತನವಿರಲಿ. ಮಳೆ, ಬೆಳೆ ಇನ್ನೊಂದು ಕಡೆ. ಸ್ವಸಹಾಯ ಸಂಘದ ಅಕ್ಕ ಒಬ್ಬರು 'ಆರ್‌ಟಿಸಿ ತಿದ್ದುಪಡಿ' ಎಂಬ ಚೀಟಿಯನ್ನು ಹಾಗೇ ಪಕ್ಕಕ್ಕಿಟ್ಟರು. ಇದು ಉತಾರದ ಸುದ್ದಿ ಅಂದಾಗ, "ಉತಾರ ಅಂತ ಬರೀಬೇಕಿಲ್ರಿ ಮತ್ತ?" ಅಂದರು. ಗೋವಿನಜೋಳವನ್ನು ನಾನು 'ಮುಸುಕಿನ ಜೋಳ' ಎಂದು ಬರೆದಿದ್ದೆ. ಇಲಾಖೆಯ ಪತ್ರದಲ್ಲಿ ಹಾಗಿತ್ತು, ಹಾಗೇ ಇಳಿಸಿದ್ದೆ.

ಈಗ ನಮ್ಮ ಪಟ್ಟಿ ಹೀಗಿದೆ: ಧಾರಣೆ, ಅರ್ಜಿ ಮತ್ತು ಕೊನೆ ದಿನ, ಮಳೆ-ಬೆಳೆ, ನಮ್ಮ ತಾಲ್ಲೂಕು, ಎಲ್ಲಾ ಸುದ್ದಿ. ಐದೂ ಪುಟದ ಮೇಲೆಯೇ ಕಾಣುತ್ತವೆ, ಗೆರೆಯ ಹಿಂದೆ ಅಡಗಿಲ್ಲ. ಗುಂಡಿಗಳ ಗಾತ್ರವನ್ನೂ ಹೆಚ್ಚಿಸಿದೆವು. ವೆಬ್ ಮಾನದಂಡ ರೂಪಿಸುವ ಡಬ್ಲ್ಯೂತ್ರೀಸಿ ಸಂಸ್ಥೆ 2023ರಲ್ಲಿ ಒತ್ತುವ ಜಾಗಕ್ಕೆ 24ಕ್ಕೆ 24 ಪಿಕ್ಸೆಲ್ ಎಂಬ ಕನಿಷ್ಠ ಅಳತೆ ಹೇಳಿತು. ಕಳೆ ತೆಗೆದ ಕೈಬೆರಳಿಗೆ ಅದು ಸಾಲದು. 44 ಇಟ್ಟೆವು.

ಇನ್ನೊಂದು ಸಂಗತಿ ತಡವಾಗಿ ಹೊಳೆಯಿತು. ನಮ್ಮ ಓದುಗರಲ್ಲಿ ಬಹಳ ಮಂದಿ ಮುಖಪುಟದಿಂದ ಒಳಗೆ ಬರುವುದೇ ಇಲ್ಲ. ವಾಟ್ಸ್ಯಾಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ನಡುವೆ ಇಳಿಯುತ್ತಾರೆ. ಕತ್ತಲಲ್ಲಿ ಗೊತ್ತಿಲ್ಲದ ಸ್ಟಾಪಿನಲ್ಲಿ ಬಸ್ಸಿಳಿದ ಹಾಗೆ. ಅದಕ್ಕೇ ಪ್ರತಿ ಸುದ್ದಿಯ ನೆತ್ತಿಯ ಮೇಲೆ 'ಮುಖಪುಟ › ಅರ್ಜಿ ಮತ್ತು ಕೊನೆ ದಿನ › ಬೆಳೆ ವಿಮೆ' ಎಂದು ದಾರಿ ಬರೆದಿದ್ದೇವೆ. ಯಾವುದನ್ನು ಒತ್ತಿದರೂ ಅಲ್ಲಿಗೆ ವಾಪಸು ಹೋಗಬಹುದು.

ಎಲ್ಲ ಸರಿಯಾಯಿತು ಅನ್ನಲಾರೆ. ಹುಡುಕುವ ಡಬ್ಬಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಇನ್ನೂ ಏನೂ ಸಿಗುವುದಿಲ್ಲ. ಆದರೆ ಈ ಮುಂಗಾರಿನಲ್ಲಿ ಕಾಕಾ ಫೋನ್ ಮಾಡಿದ್ದು ಬೇರೆ ಕಾರಣಕ್ಕೆ. "ವಿಮಾ ಕಟ್ಟಿ ಬಂದೆ. ನೀ ಬರದಿದ್ರಾಗ ತಾರೀಖು ಸಣ್ಣ ಅಕ್ಷರದಾಗ ಐತಿ, ದೊಡ್ಡದ ಮಾಡು."

ಅವತ್ತೇ ಮಾಡಿದೆ.